ಭಾವನ ಮುಂದೆ ಆಡದ ಮಾತು

ಕಳ್ಳಕವಟಗಿಯ ಆ ಮನೆಯಲ್ಲಿ ಸಣ್ಣ ಸೊಸೆ ಭಾವನ ಕೂಡ ಮಾತಾಡುವ ಪದ್ಧತಿ ಇರಲಿಲ್ಲ. ಊರಿನ ಉಳಿದ ಮನೆಗಳಲ್ಲಿ ಈ ಪದ್ಧತಿ ಎಂದೋ ಮಣ್ಣುಗೂಡಿತ್ತು. ಮೊಬೈಲು ಬಂದ ಮೇಲಂತೂ ಸೊಸೆಯಂದಿರು ಭಾವಂದಿರಿಗೂ ಮೈದುನರಿಗೂ ಬೆಳಗಾದರೆ ಹೂವಿನ ಚಿತ್ರ ಕಳಿಸುತ್ತಿದ್ದರು. ಅತ್ತೆ ಪರಸವ್ವ ಮಾತ್ರ ತನ್ನ ಮನೆಯಲ್ಲಿ ಅದನ್ನು ಜತನದಿಂದ ಕಾಯ್ದುಕೊಂಡು ಬಂದಿದ್ದಳು. ಮನೆತನದ ಮರ್ಯಾದೆ ಉಳಿಸಬೇಕೆಂದರೆ ಯಾರದಾದರೂ ಬಾಯಿ ಕಟ್ಟಬೇಕಲ್ಲ, ಸಣ್ಣ ಸೊಸೆ ನಿರ್ಮಲಾಳದು ಕೈಗೆ ಸಿಕ್ಕಿತ್ತು. ಭಾವ ಸಿದ್ದರಾಯನನ್ನು ಊಟಕ್ಕೆ ಕರೆಯಬೇಕಾದರೆ ನಿರ್ಮಲಾ ಅತ್ತೆಗೆ ಹೇಳುವಳು, ಅತ್ತೆ ಮಗನಿಗೆ ಹೇಳುವಳು. ಅತ್ತೆ ಮನೆಯಲ್ಲಿ ಇಲ್ಲದ ಹೊತ್ತು ತಾಟನ್ನು ನೆಲಕ್ಕೆ ಸ್ವಲ್ಪ ಜೋರಾಗಿ ಇಡುವಳು. ಆ ಸದ್ದಿಗೆ ಸಿದ್ದರಾಯ ಕೈ ತೊಳೆದುಕೊಂಡು ಬಂದು ಕೂರುವನು.

ಇಂಥ ಮನೆಗೆ ಬಂದವಳೋ ಮಾತಿನ ಮಲ್ಲಿ. ನಿರ್ಮಲಾಳ ತವರು ಮಹಾರಾಷ್ಟ್ರದ ಜತ್ತಿನ ಕಡೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಎರಡರಲ್ಲೂ ಆಕೆಯ ನಾಲಗೆ ಹರಿಯುತ್ತಿತ್ತು. ಮದುವೆಯಾಗಿ ಬಂದ ಮೇಲೆ ಆ ನಾಲಗೆಗೆ ಕೆಲಸ ಕಡಿಮೆಯಾಯಿತು. ಗಂಡ ಮಹಾದೇವನ ಕೂಡ ಆಡೋಣವೆಂದರೆ ಅದಕ್ಕೂ ಜಾಗ ಬೇಕಲ್ಲ. ಮನೆಗಿದ್ದ ಒಂದೇ ಚಿಲಕದ ಕೋಣೆ ಭಾವ ಮತ್ತು ಅವನ ಹೆಂಡತಿ, ನೆಗೆಣ್ಣಿ ರಾಚವ್ವನದು. ಇವರಿಬ್ಬರ ಹಾಸಿಗೆ ಒಣದ್ರಾಕ್ಷಿಯ ಚೀಲ ಇಡುವ ಒಳಮನೆಯಲ್ಲಿ. ಅದಕ್ಕೆ ಬಾಗಿಲೇ ಇರಲಿಲ್ಲ, ಒಂದು ಹಳೆಯ ಸೀರೆ ಜೋತುಬಿದ್ದಿತ್ತು. ಬೆಲ್ಲ ಬೇಕೆಂದು ಅತ್ತೆ ಯಾವಾಗ ಬೇಕಾದರೂ ಆ ಸೀರೆ ಸರಿಸಿ ಒಳಗೆ ಬರುವಳು. ಗಂಡ ಹೆಂಡತಿ ಒಂದು ಮಾತು ಜಗಳವಾಡಬೇಕೆಂದರೂ ದ್ರಾಕ್ಷಿ ತೋಟದ ಆಚೆ ಬದುವಿಗೆ ಹೋಗಬೇಕಿತ್ತು. ಇವರ ಒಬ್ಬಳೇ ಮಗಳು ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳಿಗಾದರೂ ಅಲ್ಲಿ ಚಿಲಕವಿದೆ ಎಂದು ನಿರ್ಮಲಾ ಸಮಾಧಾನ ಪಡುತ್ತಿದ್ದಳು.

ಆ ವರ್ಷ ತೋಟದ ಹಳೆಯ ಬಳ್ಳಿ ಕಿತ್ತು ಹೊಸದು ನಾಟಿ ಮಾಡಿದ್ದರು. ಫಸಲಿಲ್ಲ, ದ್ರಾಕ್ಷಿ ಒಣಗಿಸುವ ಶೆಡ್ಡು ಖಾಲಿ. ಬೇಸಿಗೆಯಲ್ಲಿ ಮನೆ ತುಂಬ ಕೈಗಳಿದ್ದು ಕೆಲಸ ಇರಲಿಲ್ಲ. ಅಷ್ಟರಲ್ಲಿ ಇವರ ಒಣದ್ರಾಕ್ಷಿ ಕೊಳ್ಳುತ್ತಿದ್ದ ವಿಜಯಪುರದ ವ್ಯಾಪಾರಿ ಜಹೀರ ಒಂದು ಸುದ್ದಿ ತಂದ. ಮಹಾಬಳೇಶ್ವರದ ಗುಡ್ಡದಲ್ಲಿ ಅವನ ಪರಿಚಯದವರೊಬ್ಬರು ಪ್ರವಾಸಿಗರಿಗೆಂದು ಡೇರೆ ಹಾಕಿದ್ದಾರೆ, ಬೇಸಿಗೆ ಮುಗಿಯುವ ತನಕ ಅಲ್ಲೇ ಇದ್ದು ಬಂದವರನ್ನು ನೋಡಿಕೊಳ್ಳಲು ಗಂಡ ಹೆಂಡತಿ ಬೇಕು, ಮರಾಠಿ ಬರಬೇಕು, ನಗುತ್ತ ಬರಮಾಡಿಕೊಳ್ಳಬೇಕು. ಸಿದ್ದರಾಯ ಮೀಸೆ ತೀಡಿಕೊಂಡು, ಹೋಗಿ ಬರಲಿ ಎಂದ. ಅದನ್ನೂ ಅವನು ತಾಯಿಗೆ ಹೇಳಿದ, ತಾಯಿ ಸೊಸೆಗೆ ಹೇಳಿದಳು.

ಗುಡ್ಡದ ಓರೆಯಲ್ಲಿ, ನೇರಳೆ ಮರಗಳ ಕೆಳಗೆ ಸಾಲಾಗಿ ಡೇರೆಗಳಿದ್ದವು. ಕೆಳಗೆ ಆಣೆಕಟ್ಟಿನ ಹಿನ್ನೀರು. ವಿಜಯಪುರದಲ್ಲಿ ಆಗ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವಂಥ ಬಿಸಿಲು, ಇಲ್ಲಿ ನಡುಮಧ್ಯಾಹ್ನ ಶಾಲು ಹೊದೆಯಬೇಕು. ಇವರಿಬ್ಬರಿಗೆ ಕೆಂಪುಕಲ್ಲಿನ ಒಂದು ಪುಟ್ಟ ಕೋಣೆ ಕೊಟ್ಟಿದ್ದರು. ತಗಡಿನ ಮಾಡು, ಒಂದು ಕಿಟಕಿ, ಒಂದು ಬಾಗಿಲು. ಬಾಗಿಲಿಗೆ ಒಳಗಿನಿಂದ ಚಿಲಕ. ಮೊದಲ ದಿನ ಸಾಮಾನು ಇಳಿಸಿದ ಕೂಡಲೇ ನಿರ್ಮಲಾ ಒಳಗೆ ಹೋಗಿ ಚಿಲಕ ಹಾಕಿಕೊಂಡು ಸುಮ್ಮನೆ ಕೂತಳು. ಹೊರಗಿನಿಂದ ಮಹಾದೇವ ಗಾಬರಿಯಾಗಿ ಬಾಗಿಲು ಬಡಿದ. ಏನಾಯಿತೆಂದು ಕೇಳಿದರೆ ಏನೂ ಆಗಿಲ್ಲ ಎಂದು ಒಳಗಿನಿಂದ ನಕ್ಕಳು.

ಕೆಲಸ ಇತ್ತು, ಇರಲಿಲ್ಲವೆಂದಲ್ಲ. ನಸುಕಿಗೆದ್ದು ಬಂಬದಲ್ಲಿ ನೀರು ಕಾಯಿಸಬೇಕು, ಚಹಾ ಕೊಡಬೇಕು, ಹಾಸಿಗೆ ಕೊಡವಬೇಕು, ರೊಟ್ಟಿ ಬಡಿಯಬೇಕು. ಆದರೆ ಮುಖ್ಯವಾದದ್ದು ಮಾತು. ಪುಣೆ, ಮುಂಬೈ, ಸೋಲಾಪುರದಿಂದ ಕಾರು ಇಳಿದವರನ್ನು ನಿರ್ಮಲಾ ಗೇಟಿನಲ್ಲೇ ಎದುರುಗೊಳ್ಳುವಳು. ಬೂಟು ಡೇರೆಯೊಳಗೆ ಇಡಿ, ಇಲ್ಲವಾದರೆ ನಾಯಿ ಒಯ್ಯುತ್ತದೆ ಎನ್ನುವಳು. ಮಂಗಕ್ಕೆ ಬಿಸ್ಕೀಟು ಹಾಕಿದರೆ ಅದು ನಾಳೆ ನಿಮ್ಮ ಪರ್ಸು ಕೇಳುತ್ತದೆ ಎನ್ನುವಳು. ಕುಡಿದು ಕೂಗಾಡುವ ಹುಡುಗರನ್ನು, ನಿಮ್ಮವ್ವನಿಗೆ ಫೋನು ಹಚ್ಚಲೇನು ಎಂದು ನಗುತ್ತಲೇ ಗದರಿಸಿ ಮಲಗಿಸುವಳು. ಬಂದವರು ಹೋಗುವಾಗ ತಮ್ಮ ಅತ್ತಿಗೆಯನ್ನು ಕರೆದ ಹಾಗೆ ವೈನಿ, ವೈನಿ ಎಂದು ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತೆಲ್ಲ ಆ ಗುಡ್ಡದ ಮೇಲೆ ಖರ್ಚಾಗುತ್ತಿತ್ತು, ಖರ್ಚಾದಷ್ಟೂ ಆಕೆ ಹಗುರಾಗುತ್ತಿದ್ದಳು.

ಮಹಾದೇವನೂ ಬೇರೆಯವನಾದ. ಊರಲ್ಲಿ ಅವನು ಅಣ್ಣ ಹೇಳಿದ್ದಕ್ಕೆ ಹೂಂ ಎನ್ನುವ ಆಳು. ಇಲ್ಲಿ ಗಾಳಿ ಎದ್ದರೆ ಯಾವ ಡೇರೆಯ ಯಾವ ಹಗ್ಗ ಬಿಗಿಯಬೇಕು ಎಂದು ತಾನೇ ಓಡುವನು. ಸಿಳ್ಳೆ ಹಾಕುವನು. ಸಂಜೆ ಹೊತ್ತು ಹೆಂಡತಿಯ ಪಕ್ಕ ಕಲ್ಲಿನ ಮೇಲೆ ಕೂತು, ತಾನು ಸಣ್ಣವನಿದ್ದಾಗ ತಂದೆಯ ಕೂಡ ಭೂತನಾಳ ಕೆರೆಗೆ ಹೋಗಿ ಕಾಲು ಜಾರಿ ಬಿದ್ದದ್ದು, ಬೈಸಿಕೊಂಡದ್ದು ಹೇಳಿದ. ನಿರ್ಮಲಾಳಿಗೆ ಇದು ಗೊತ್ತೇ ಇರಲಿಲ್ಲ. ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೆ ತನ್ನ ಗಂಡನ ಪರಿಚಯವಾಗುತ್ತಿದೆಯಲ್ಲ ಎಂದು ಆಕೆಗೆ ಸಂತೋಷವೂ ಆಯಿತು, ದುಃಖವೂ ಆಯಿತು.

ಮೇ ತಿಂಗಳ ಕೊನೆಗೆ ಡೇರೆಗಳ ಮ್ಯಾನೇಜರ ರಾಜಾರಾಮ ಬಂದ. ಅವನೂ ಜತ್ತಿನ ಕಡೆಯವನೇ, ಕನ್ನಡ ಚೆನ್ನಾಗಿ ಬರುತ್ತಿತ್ತು. ಮಳೆಗಾಲದಲ್ಲಿ ಡೇರೆ ಬಿಚ್ಚಿದರೂ ಜಾಗ ಕಾಯಲು ಮನುಷ್ಯರು ಬೇಕು, ಮಳೆ ನಿಂತರೆ ಮತ್ತೆ ಜನ ಬರುತ್ತಾರೆ, ಮಾಲಕರು ಒಂದು ಜೋಡಿಯನ್ನು ಕಾಯಂ ಇಡಬೇಕೆಂದಿದ್ದಾರೆ, ನಿಮ್ಮ ಹೆಸರೇ ಹೇಳಿದ್ದಾರೆ ಎಂದ. ಬರುವ ಸೋಮವಾರ ಬರುತ್ತೇನೆ, ಒಂದು ಮಾತು ಹೇಳಿ ಎಂದು ಹೋದ.

ನಿರ್ಮಲಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಲ್ಲೇ ಇರೋಣ ಎಂದಳು. ಇರೋಣ ಎಂದ ಮಹಾದೇವ. ಮಗಳನ್ನು ರಜೆಗೆ ಇಲ್ಲಿಗೇ ಕರೆಸೋಣ ಎಂದಳು. ಕರೆಸೋಣ ಎಂದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ. ಆದರೆ ಕಳ್ಳಕವಟಗಿಯ ಆ ಮನೆಯಲ್ಲಿ ಹುಟ್ಟಿದ ಗಂಡಸು ಸುಮ್ಮನಿರುವುದು ಹೇಗೆ?

"ಅಣ್ಣಗ ಒಂದ್ ಮಾತ ಕೇಳಿಬಿಡ್ತೇನಿ," ಎಂದ ಮಹಾದೇವ.

ಕೇಳುವುದೇನಿದೆ, ಹೇಳಿದರಾಯಿತು ಎಂದಳು ನಿರ್ಮಲಾ. ಕೇಳುವುದೂ ಹೇಳುವುದೂ ಒಂದೇ ಎಂದು ಮಹಾದೇವ ಫೋನು ಹಿಡಿದುಕೊಂಡು ನೇರಳೆ ಮರದ ಹಿಂದೆ ಹೋದ. ಮರಳಿ ಬಂದಾಗ ಮುಖದಲ್ಲಿ ಅರ್ಧ ನಗು ಇತ್ತು. ಅಣ್ಣ ಬ್ಯಾಡ ಅನ್ನಲಿಲ್ಲ, ಎಲ್ಲರೂ ಕೂಡಿ ಒಮ್ಮೆ ಜಾಗ ನೋಡಿಕೊಂಡು ಹೋಗಲು ಬರುತ್ತಾರಂತೆ ಎಂದ.

ಬಂದರು. ಕ್ರೂಜರ್ ಗಾಡಿಯ ತುಂಬ ಬಂದರು. ಸಿದ್ದರಾಯ, ರಾಚವ್ವ, ಮೊಣಕಾಲು ಹಿಡಿದುಕೊಂಡು ಪರಸವ್ವ, ಅವಳ ತಂಗಿಯ ಸಂಸಾರ, ಬಬಲೇಶ್ವರದಿಂದ ರಾಚವ್ವನ ತವರಿನ ಬೀಗರು. ಡೇರೆಗೆ ಬಾಡಿಗೆ ಇರುತ್ತದೆಂಬುದು ಅವರ ತಲೆಗೆ ಹೊಳೆಯಲೂ ಇಲ್ಲ. ನಮ್ಮ ಮಾದೇವನ ಜಾಗ ಎಂದು ಖಾಲಿ ಇದ್ದ ಡೇರೆಗಳಲ್ಲಿ ಗಂಟು ಬಿಚ್ಚಿದರು. ಬೇಡವೆನ್ನುವ ಬಾಯಿ ಮಹಾದೇವನಿಗೆ ಎಲ್ಲಿಂದ ಬರಬೇಕು? ಅವನು ತಾನೇ ಓಡಾಡಿ ದಿಂಬು ಹಂಚಿದ. ಕೆಂಪುಕಲ್ಲಿನ ಕೋಣೆ ಹಿರಿಯರಿಗೆ ಎಂದು ಅಣ್ಣ ಅತ್ತಿಗೆಗೆ ಬಿಟ್ಟುಕೊಟ್ಟ. ತಾವಿಬ್ಬರೂ ಅಡುಗೆಮನೆಯ ಹಿಟ್ಟಿನ ಡಬ್ಬಿಗಳ ನಡುವೆ ಹಾಸಿಕೊಂಡರು.

ನಿರ್ಮಲಾಳ ಸೆರಗು ತಲೆಗೇರಿತು, ಬಾಯಿಗೆ ಬೀಗ ಬಿತ್ತು. ಆಕೆ ಬೇಕೆಂದು ಮಾಡಿದ್ದಲ್ಲ. ಗೇಟಿನ ಬಳಿಯ ಕುರ್ಚಿಯಲ್ಲಿ ಭಾವ ಕೂತದ್ದು ಕಂಡದ್ದೇ ಕಾಲು ತಾವಾಗಿಯೇ ಅಡುಗೆಮನೆಗೆ ತಿರುಗಿದವು. ಆ ಮಧ್ಯಾಹ್ನ ಪುಣೆಯಿಂದ ಒಂದು ಕುಟುಂಬ ಬಂತು. ಬರಮಾಡಿಕೊಳ್ಳಲು ಮಹಾದೇವನೇ ಹೋದ. ಹರಕುಮುರುಕು ಮರಾಠಿಯಲ್ಲಿ ಬೂಟಿನದು ಹೇಳಿದ, ಮಂಗನದು ಮರೆತ. ಹೋದ ತಿಂಗಳು ಬಂದಿದ್ದ ಆ ಮನೆಯ ಹೆಣ್ಣುಮಗಳು ವೈನಿ ಎಲ್ಲಿ ಎಂದು ಕೇಳುತ್ತ ಅಡುಗೆಮನೆಗೇ ಬಂದಳು. ನಿರ್ಮಲಾ ತಲೆ ತುಂಬ ಸೆರಗು ಹೊದ್ದು ರೊಟ್ಟಿ ಬಡಿಯುತ್ತಿದ್ದಳು. ಜ್ವರವೇನು ಎಂದು ಆಕೆ ಪಿಸುದನಿಯಲ್ಲಿ ಕೇಳಿದಳು. ನಿರ್ಮಲಾಳಿಗೆ ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಹೌದು, ಸ್ವಲ್ಪ ಜ್ವರ ಎಂದಳು.

ಮರುದಿನ ಮುಂಜಾನೆ ಚಹಾ ಕೊಡಲು ಹೋದಾಗ ಕೋಣೆಯೊಳಗಿನಿಂದ ಟಕ್ ಟಕ್ ಎಂದು ಸದ್ದು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರೆ ರಾಚವ್ವ ಒಬ್ಬಳೇ ನಿಂತು ಚಿಲಕ ಹಾಕುತ್ತಿದ್ದಾಳೆ, ತೆಗೆಯುತ್ತಿದ್ದಾಳೆ. ಊರ ಮನೆಯಲ್ಲಿ ಅವಳಿಗೂ ಚಿಲಕವಿತ್ತು, ಆದರೆ ಅದನ್ನು ಹಾಕಿಕೊಂಡು ಹಗಲಲ್ಲಿ ಒಂದು ಗಳಿಗೆ ಕೂರುವಂತಿರಲಿಲ್ಲ. ನಿರ್ಮಲಾಳಿಗಿಂತ ಮೊದಲೇ ಆ ಮನೆಗೆ ಬಂದವಳು, ಪರಸವ್ವನ ಬೈಗುಳ ಮೊದಲು ತಿಂದವಳು, ಈಗ ಆಕೆಯ ಮೊಣಕಾಲು ತಿಕ್ಕುವವಳೂ ಅವಳೇ. ಈ ಹೆಂಗಸಿಗೆ ಈ ಜಾಗ ಬೇಕಾಗಿದೆ ಎಂದು ನಿರ್ಮಲಾಳಿಗೆ ಆಗಲೇ ತಿಳಿಯಿತು. ಅವಳ ಮೇಲೆ ಸಿಟ್ಟು ಬರಲಿ ಎಂದು ಎಷ್ಟು ಪ್ರಯತ್ನಪಟ್ಟರೂ ಪೂರ್ತಿ ಬರಲಿಲ್ಲ, ಅದೇ ದೊಡ್ಡ ಸಂಕಟವಾಯಿತು.

ಸೋಮವಾರ ರಾಜಾರಾಮ ಬಂದ. ಡೇರೆಗಳ ತುಂಬ ಪುಕ್ಕಟೆ ನೆಂಟರನ್ನು ಕಂಡು ಹುಬ್ಬು ಗಂಟಿಕ್ಕಿದ, ಆದರೆ ಏನೂ ಅನ್ನಲಿಲ್ಲ. ಎಲ್ಲರೂ ಅಂಗಳದಲ್ಲಿ ಕೂತಿದ್ದರು. ನಿರ್ಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನು ವಿಚಾರ ಮಾಡಿದಿರಿ ಎಂದು ರಾಜಾರಾಮ ಮಹಾದೇವನನ್ನು ಕೇಳಿದ. ಮಹಾದೇವ ಅಣ್ಣನ ಮುಖ ನೋಡಿದ.

ಸಿದ್ದರಾಯ ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಹೇಳಿದ. ಮನೆತನದಲ್ಲಿ ಹಿರಿಯರಿಗೆ ಮೊದಲ ಮಾನ. ಕಾಯಂ ಕೆಲಸವೆಂದರೆ ಹಗುರದ್ದಲ್ಲ, ಜವಾಬ್ದಾರಿ ಇರುತ್ತದೆ. ಹೊಸ ಬಳ್ಳಿಗೆ ಮೈ ಮುರಿದು ದುಡಿಯುವವರು ಬೇಕು, ಅದನ್ನು ತಮ್ಮ ನೋಡಿಕೊಳ್ಳಲಿ, ಅವ್ವನನ್ನು ಸಣ್ಣ ಸೊಸೆ ನೋಡಿಕೊಳ್ಳಲಿ. ಇಲ್ಲಿ ತಾನೂ ರಾಚವ್ವನೂ ಇರುತ್ತೇವೆ. ಯಾರೋ ಕೇಳಿದ ಹಾಗೆ, ಯಾರೋ ಒಪ್ಪಿದ ಹಾಗೆ, ಹೊಲ ಹಂಚಿದ ದನಿಯಲ್ಲಿ ಹೇಳಿ ಮುಗಿಸಿದ.

ರಾಜಾರಾಮನಿಗೆ ಇದು ವಿಚಿತ್ರವೆನಿಸಿತು. ಅವನು ಸಿದ್ದರಾಯನನ್ನು ಬಿಟ್ಟು ನೇರ ಅಡುಗೆಮನೆಯ ಬಾಗಿಲಿಗೆ ತಿರುಗಿದ.

"ವೈನಿ, ನೀವು ಹೇಳ್ರಿ. ಮಾಲಕರು ನಿಮ್ಮನ್ನ ನೋಡಿ ಹೇಳ್ಯಾರ. ನಿಮಗ ಒಪ್ಪಿಗಿ ಐತೇನು?"

ಎಲ್ಲರೂ ಆಕೆಯ ಕಡೆ ನೋಡಿದರು. ಬೇಸಿಗೆಯುದ್ದಕ್ಕೂ ಊರೂರಿನವರ ಮುಂದೆ ಪಟಪಟ ಆಡಿದ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಇಲ್ಲ ಎಂಬ ಒಂದೇ ಒಂದು ಮಾತು ಸಾಕಿತ್ತು. ಅದು ಗಂಟಲ ತನಕ ಬಂತು. ಭಾವನ ಚಪ್ಪಲಿ ಕಂಡದ್ದೇ ಮಾತು ಅಲ್ಲೇ ನಿಂತಿತು. ಆಕೆ ಗಂಡನ ಕಡೆ ನೋಡಿದಳು. ಆಡುವ ಹಕ್ಕಿದ್ದವನು ಅವನು, ಅಣ್ಣನ ಕೂಡ ಹುಟ್ಟಿನಿಂದ ಮಾತಾಡಿಕೊಂಡು ಬಂದವನು. ಮಹಾದೇವ ಎದ್ದು ಹೋಗಿ ಹತ್ತಿರದ ಡೇರೆಯ ಹಗ್ಗ ಬಿಗಿಯುತ್ತಿದ್ದ. ಗಾಳಿ ಇರಲಿಲ್ಲ. ಹಗ್ಗ ಮೊದಲೇ ಬಿಗಿಯಾಗಿತ್ತು.

ಬಾಯಿ ತೆರೆದವಳು ಪರಸವ್ವ. ಸಣ್ಣ ಸೊಸೆ ಭಾವನ ಮುಂದೆ ಇವತ್ತಿನವರೆಗೆ ಒಂದು ಸೊಲ್ಲು ಎತ್ತಿದವಳಲ್ಲ ಎಂದು ಬೀಗರ ಕಡೆ ತಿರುಗಿ ಹೆಮ್ಮೆಯಿಂದ ಹೇಳಿದಳು. ಬಬಲೇಶ್ವರದ ಬೀಗರು ತಲೆದೂಗಿದರು. ರಾಜಾರಾಮ ಭುಜ ಕುಣಿಸಿ, ಮನೆಯವರ ಒಪ್ಪಿಗೆ ಇದ್ದರೆ ತನ್ನದೇನು, ಮಾಲಕರಿಗೆ ಹೇಳಿ ನೋಡುತ್ತೇನೆ ಎಂದ. ಅಣ್ಣನೋ ತಮ್ಮನೋ, ಮಾಲಕರಿಗೆ ಒಂದು ಜೋಡಿ ಬೇಕಿತ್ತು, ಅವರೂ ಹೂಂ ಎಂದರು.

ಸಾಮಾನು ಕಟ್ಟಿಕೊಂಡು ಹೋಗಲೆಂದು ಅಣ್ಣ ಅತ್ತಿಗೆಯೂ ಮರಳಿದರು. ಎಲ್ಲರೂ ಊರಿಗೆ ಬಂದ ಮೇಲೆ ದಿನಗಳು ಬಲು ಶಾಂತವಾಗಿ ಹೋದವು. ಜಗಳ ಮಾಡಲು ಮಹಾದೇವ ಕೈಗೇ ಸಿಗಲಿಲ್ಲ. ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋದವನು ಉಣ್ಣುವ ಹೊತ್ತಿಗೆ ಬರುತ್ತಿದ್ದ. ಗುಡ್ಡದ ಮೇಲೆ ಹಾಕುತ್ತಿದ್ದ ಸಿಳ್ಳೆ ಅಲ್ಲೇ ಉಳಿದಿತ್ತು. ನಿರ್ಮಲಾಳ ಪಾಲಿಗೆ ಅತ್ತೆಯ ಮೊಣಕಾಲು ಬಂತು, ಎಣ್ಣೆಯ ಬಟ್ಟಲು ಬಂತು. ಅದರ ಜೊತೆ ಇನ್ನೊಂದು ಕೆಲಸವೂ ಬಂತು. ರಾಚವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಅದನ್ನು ನಿರ್ಮಲಾಳೇ ಕಲಿಸಬೇಕೆಂದು ಸಿದ್ದರಾಯ ತಾಯಿಯ ಮೂಲಕ ಹೇಳಿ ಕಳಿಸಿದ.

ಕಲಿಸಿದಳು. ಒಲೆಯ ಮುಂದೆ ಕೂತು, ಯಾ ಅಂದರೆ ಬನ್ನಿ, ಬಸಾ ಅಂದರೆ ಕೂತುಕೊಳ್ಳಿ, ಚಹಾ ಘ್ಯಾ ಅಂದರೆ ಚಹಾ ತಗೊಳ್ಳಿ ಎಂದು ಒಂದೊಂದೇ ಹೇಳಿಕೊಟ್ಟಳು. ಬೂಟಿನದು ಹೇಳಿಕೊಟ್ಟಳು, ಮಂಗನದೂ ಹೇಳಿಕೊಟ್ಟಳು. ತನ್ನ ಬಾಯಿಂದಲೇ ತನ್ನ ಮಾತನ್ನು ಕಿತ್ತು ಇನ್ನೊಬ್ಬರ ಬಾಯಿಗೆ ಇಡುವ ಕೆಲಸ ಅದು. ರಾಚವ್ವ ಸಾಲಿ ಹುಡುಗಿಯ ಹಾಗೆ ಗುನುಗಿಕೊಂಡು ಕಲಿತಳು. ಒಂದು ದಿನ ನಡುವೆ ನಿಲ್ಲಿಸಿ, ನಿನಗೆ ಬೇಜಾರೇನಿಲ್ಲವಲ್ಲ ಎಂದು ಕೇಳಿದಳು. ನಿರ್ಮಲಾ ರೊಟ್ಟಿ ಮಗುಚಿದಳು. ಬೇಜಾರೇನು ಬಂತಕ್ಕಾ, ನಿನಗೂ ಒಂದು ಗಾಳಿ ಬೇಕಲ್ಲ ಎಂದಳು. ಆ ಮಾತಿನಲ್ಲಿ ಅರ್ಧ ನಿಜವಿತ್ತು.

ಅಣ್ಣ ಅತ್ತಿಗೆ ಹೊರಡುವ ದಿನ ಎಲ್ಲರೂ ಟಿಕೋಟಾದ ಬಸ್ಸು ಹತ್ತಿ ವಿಜಯಪುರಕ್ಕೆ ಹೋದರು. ಚಳಿಯ ಸೀಮೆಗೆ ಹೋಗುವವರಿಗೆ ಸ್ವೆಟರು ಬೇಕಿತ್ತು. ಜೋರಾಪುರ ಪೇಟೆಯಲ್ಲಿ ಇವರ ಪರಿಚಯದ ತಸ್ಲೀಮಳ ಬಟ್ಟೆ ಅಂಗಡಿಯಿತ್ತು. ಜೂನ್ ತಿಂಗಳಲ್ಲಿ ಯಾರಮ್ಮ ಸ್ವೆಟರು ಕೊಳ್ಳುವವರು ಎಂದು ನಗುತ್ತ ಆಕೆ ಅಟ್ಟದಿಂದ ಗಂಟು ಇಳಿಸಿದಳು. ಬಣ್ಣ ಆರಿಸುವುದೂ ನಿರ್ಮಲಾಳ ಪಾಲಿಗೇ ಬಂತು. ಮಣ್ಣಿನ ಕಲೆ ಕಾಣದ ಕಂದು ಬಣ್ಣದ್ದನ್ನು ಆರಿಸಿ ರಾಚವ್ವನ ಬೆನ್ನಿಗೆ ಹಿಡಿದು ಅಳತೆ ನೋಡಿದಳು. ಸರಿಯಾಗಿ ಹೊಂದಿತು.

ಬಸ್ ನಿಲ್ದಾಣದಲ್ಲಿ ಮಹಾಬಳೇಶ್ವರದ ದಾರಿಯ ಸಾತಾರೆಯ ಬಸ್ಸು ನಿಂತಿತ್ತು. ಅಣ್ಣ ಅತ್ತಿಗೆ ಹತ್ತಿ ಕೂತರು. ಸಿದ್ದರಾಯ ಕಿಟಕಿಯ ಪಕ್ಕ, ಅವನಾಚೆ ರಾಚವ್ವ. ಪರಸವ್ವ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿರ್ಮಲಾ ಸ್ವಲ್ಪ ಹಿಂದೆ, ಕಂಬದ ಪಕ್ಕ ನಿಂತಿದ್ದಳು. ಇಷ್ಟು ದಿನ ಮುಖ ತಪ್ಪಿಸಿಕೊಂಡು ಓಡಾಡಿದ ಮಹಾದೇವ ಬಂದು ಪಕ್ಕದಲ್ಲಿ ನಿಂತ. ಅವನ ಕಣ್ಣು ಕೆಂಪಾಗಿದ್ದವು.

"ನನಗೂ ಅಲ್ಲೇ ಇರಬೇಕು ಅನಿಸಿತ್ತು ನಿರ್ಮಲಾ," ಎಂದ ತಗ್ಗಿದ ದನಿಯಲ್ಲಿ. "ಅಣ್ಣನ ಮುಂದ ನನಗ ಅನ್ನಾಕ ಆಗಲಿಲ್ಲ. ಅವತ್ತ ನೀನರ ಒಂದ್ ಮಾತ ಬ್ಯಾಡ ಅಂದಿದ್ರ ಮುಗೀತಿತ್ತು."

ನಿರ್ಮಲಾ ಅವನ ಮುಖ ನೋಡಿದಳು. ಅವನು ನಿಜವಾಗಿಯೂ ನೊಂದುಕೊಂಡೇ ಹೇಳಿದ್ದ, ಅವಳ ಮೇಲೆ ಸಣ್ಣ ಮುನಿಸೂ ಇತ್ತು. ಅವಳು ಕೆಡಿಸಿದ್ದನ್ನು ತಾನು ಕ್ಷಮಿಸುತ್ತಿದ್ದೇನೆ ಎಂಬಂಥ ಮುನಿಸು. ಆ ಮುನಿಸು ಕಂಡದ್ದೇ ಅವಳೊಳಗೆ ಏನೋ ಪಟ್ಟನೆ ಹರಿಯಿತು. ಚಾಲಕ ಹತ್ತಿ ಬಸ್ಸು ಶುರು ಮಾಡಿದ. ಅವಳು ಕಂಬ ಬಿಟ್ಟು ನಡೆದಳು. ನಡೆದು ಹೋಗಿ ಸಿದ್ದರಾಯನ ಕಿಟಕಿಯ ಕೆಳಗೆ ನಿಂತಳು. ಮುಖ ಮೇಲೆತ್ತಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಅವನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಳು.

"ಭಾವನೋರ, ಆ ಕೆಲಸ ನನಗ ಬೇಕಾಗಿತ್ತು. ನಾ ಬಿಟ್ಟ ಕೊಟ್ಟಿಲ್ಲ. ನೀವು ಕಸಗೊಂಡೀರಿ."

ಪಕ್ಕದ ಕಿಟಕಿಗಳಲ್ಲಿದ್ದವರೂ ತಿರುಗಿ ನೋಡಿದರು. ರಾಚವ್ವನ ಮುಖ ಬಿಳಿಚಿಕೊಂಡಿತು. ಅವಳು ಕೇಳಿಸಿಕೊಂಡಿದ್ದಳು, ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡು ಆಚೆ ತಿರುಗಿದಳು. ಸಿದ್ದರಾಯನಿಗೆ ಮಾತ್ರ ಒಂದು ಅಕ್ಷರವೂ ಮುಟ್ಟಿದಂತೆ ಕಾಣಲಿಲ್ಲ. ಅವನು ನಿರ್ಮಲಾಳನ್ನು ನೋಡಲೂ ಇಲ್ಲ. ಅವಳ ತಲೆಯ ಮೇಲಿಂದ ದೂರದಲ್ಲಿ ನಿಂತ ತಮ್ಮನನ್ನು ಹುಡುಕಿ, ಬೆರಗಿನಿಂದ ಕೂಗಿ ಹೇಳಿದ.

"ಲೇ ಮಾದೇವಾ, ನಿನ್ನ ಹೇಣ್ತಿ ನನ್ನ ಕೂಡ ಮಾತಾಡಾಕತ್ತಾಳ ನೋಡಲೇ."

ಬಸ್ಸು ಹೊರಟಿತು. ಕಟ್ಟೆಯ ಮೇಲೆ ಪರಸವ್ವ, ಮನೆತನದ ಮಾನ ಸಂತೆಯಲ್ಲಿ ಹೋಯಿತೆಂದು ಈಗ ನಿಜವಾಗಿ ಅಳತೊಡಗಿದಳು. ಏನು ಅಂದಳೆಂದು ಅವಳೂ ಕೇಳಲಿಲ್ಲ. ಮಹಾದೇವ ದಡದಡ ಬಂದ. ಮುಖ ಕಪ್ಪಿಟ್ಟಿತ್ತು, ನಾಲ್ಕು ಜನ ನೋಡುತ್ತಿದ್ದಾರೆಂದು ದನಿ ತಗ್ಗಿಸಿದ್ದ.

"ಅಣ್ಣನ ಕೂಡ ಯಾಕ ಮಾತಾಡಿದಿ?"

"ನಿಮ್ಮ ಕೂಡ ಆಡೂ ಮಾತು ಮುಗದಿತ್ತು," ಎಂದಳು ನಿರ್ಮಲಾ. "ಅದಕ್ಕ."

ಹೇಳಿ ಅವಳು ಅತ್ತೆಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಮುದುಕಿಯ ಮೊಣಕಾಲು ಹಿಡಿದುಕೊಂಡಿದ್ದವು, ಟಿಕೋಟಾದ ಬಸ್ಸು ನಿಲ್ಲುವ ಕಡೆಗೆ ನಿಧಾನವಾಗಿ ನಡೆಸಿಕೊಂಡು ಹೋದಳು. ಮಹಾದೇವ ಹಿಂದಿನಿಂದ ಎರಡು ಸಲ ಹೆಸರು ಹಿಡಿದು ಕರೆದ. ಅವಳು ಅವನಿಗೆ ಹೇಳಬೇಕಾದದ್ದು ಏನಾದರೂ ಇದ್ದರೆ, ಭಾವನಿಗೆ ಹೇಳುತ್ತಿದ್ದ ಹಾಗೆ, ಇನ್ನು ಮೇಲೆ ಅವನ ತಾಯಿಯ ಮೂಲಕ ಹೇಳುವುದಾಗಿತ್ತು.